ರಂಗಭೂಮಿಯ ಹಂಗಾಮು: ಕೊಚ್ಚಿ–ತಿರುವನಂತಪುರಗಳಿಂದ ಕಲಿಯಬೇಕಾದ ಪಾಠ

೧

ನಾಟಕದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕವಿಗಳ ಹೆಸರನ್ನೂ ಕೃತಿಗಳ ಗುಣದೋಷಗಳನ್ನೂ ನಟರ ಕೀರ್ತಿಯನ್ನೂ ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ಆದರೆ ಒಂದು ಊರಿನಲ್ಲಿ ವರ್ಷದ ಯಾವ ತಿಂಗಳಲ್ಲಿ ಆಟ ಮೊದಲಾಗುತ್ತಿತ್ತು, ಯಾವ ತಿಂಗಳಲ್ಲಿ ಗೆಜ್ಜೆ ಬಿಚ್ಚುತ್ತಿದ್ದರು, ಮುಂದಿನ ವರ್ಷದ ಆಟಕ್ಕೆ ಹಣವನ್ನು ಯಾರು, ಎಂದು, ಏತಕ್ಕಾಗಿ ಕೊಡುತ್ತಿದ್ದರು ಎಂಬ ಪ್ರಶ್ನೆಗಳನ್ನು ಎತ್ತಿದವರು ವಿರಳ. ರೈತನಿಗೆ ಹಂಗಾಮು ಇರುವಂತೆ ರಂಗಭೂಮಿಗೂ ಒಂದು ಹಂಗಾಮು ಉಂಟು. ಬಿತ್ತುವ ಕಾಲ, ಬೆಳೆಯುವ ಕಾಲ, ಕೊಯ್ಯುವ ಕಾಲಗಳ ಕ್ರಮ ಕೆಟ್ಟರೆ ಬೀಜ ಎಷ್ಟು ಉತ್ತಮವಾದುದಾದರೂ ಫಲವಿಲ್ಲ. ಹಾಗೆಯೇ ಒಂದು ಜನಾಂಗದ ರಂಗಭೂಮಿ ಉಳಿಯುವುದು ಒಂದೆರಡು ಶ್ರೇಷ್ಠ ನಾಟಕಗಳಿಂದಲ್ಲ. ಮುಂದೆ ಬರಲಿರುವ ಹಂಗಾಮಿನ ವಿಷಯದಲ್ಲಿ ಆಡುವವರಿಗೂ ನೋಡುವವರಿಗೂ ನಡುವೆ ಏರ್ಪಡುವ ಒಪ್ಪಂದದಿಂದ.

ಈ ಮಾತನ್ನು ಪರಿಶೀಲಿಸುವುದಕ್ಕೆ ಕೇರಳದ ಕೊಚ್ಚಿ ಮತ್ತು ತಿರುವನಂತಪುರಗಳಿಗಿಂತ ಅನುಕೂಲವಾದ ಸ್ಥಳಗಳು ಕಡಮೆ. ಎರಡೂ ಹಿಂದೆ ರಾಜಾಶ್ರಯವಿದ್ದ ಪಟ್ಟಣಗಳು. ಎರಡರಲ್ಲಿಯೂ ದೇವಾಲಯದ ಉತ್ಸವ, ಅರಮನೆಯ ಸಂಭ್ರಮ, ಪುರಭವನದ ಹವ್ಯಾಸಿ ನಾಟಕ, ಟಿಕೆಟ್ಟಿನ ವ್ಯವಸಾಯ ನಾಟಕ ಇವೆಲ್ಲವೂ ಒಂದರ ಪಕ್ಕದಲ್ಲಿ ಒಂದು ಬೆಳೆದಿವೆ. ಕನ್ನಡಿಗರಿಗೆ ಇವು ಹೊರಗಿನ ವಿಷಯಗಳೂ ಅಲ್ಲ. ಕುಂಬಳೆಯಿಂದ ತಿರುವನಂತಪುರದವರೆಗಿನ ಕರಾವಳಿಯಲ್ಲಿ ಆಟದ ಪಂಚಾಂಗ ಬಹುಮಟ್ಟಿಗೆ ಒಂದೇ ಆಗಿದೆ.

೨

ಮೊದಲಿಗೆ ಎಂಟು ರಾತ್ರಿಗಳ ವಿಚಾರ. ಕ್ರಿ. ಶ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೋಳಿಕ್ಕೋಡಿನ ಸಾಮೂದಿರಿ ಮನೆತನದ ಮಾನವೇದನು ರಚಿಸಿದ ಕೃಷ್ಣಗೀತಿಯನ್ನು ಆಧರಿಸಿ ಕೃಷ್ಣನಾಟ್ಟಂ ಎಂಬ ನೃತ್ಯರೂಪಕವು ಹುಟ್ಟಿತು. ಅವತಾರದಿಂದ ಸ್ವರ್ಗಾರೋಹಣದವರೆಗಿನ ಕೃಷ್ಣಕಥೆಯನ್ನು ಅಲ್ಲಿ ಎಂಟು ರಾತ್ರಿಗಳಿಗೆ ಹಂಚಲಾಗಿದೆ. ತಿರುವನಂತಪುರಕ್ಕೆ ಉತ್ತರದಲ್ಲಿರುವ ಕೊಟ್ಟಾರಕ್ಕರದ ಅರಸನು ರಾಮನಾಟ್ಟವನ್ನು ರಚಿಸಿದಾಗ ರಾಮಾಯಣವನ್ನೂ ಪುತ್ರಕಾಮೇಷ್ಟಿಯಿಂದ ಯುದ್ಧದವರೆಗೆ ಎಂಟು ಭಾಗಗಳನ್ನಾಗಿಯೇ ಮಾಡಿದನು. ಸಾಮೂದಿರಿಯು ತನ್ನ ಕೃಷ್ಣನಾಟ್ಟದ ಮೇಳವನ್ನು ಕಳುಹಿಸಲು ನಿರಾಕರಿಸಿದುದರಿಂದ ರಾಮನಾಟ್ಟ ಹುಟ್ಟಿತೆಂಬುದು ಐತಿಹ್ಯ. ಐತಿಹ್ಯವು ನಿಜವಿರಲಿ, ಇಲ್ಲದಿರಲಿ, ಈ ರಚನೆಯ ಕ್ರಮವನ್ನು ಗಮನಿಸಬೇಕು. ಇಲ್ಲಿ ಕವಿಯು ಒಂದು ನಾಟಕವನ್ನು ಬರೆದುದಲ್ಲ, ಒಂದು ಹಂಗಾಮನ್ನೇ ಬರೆದನು. ಮೊದಲ ರಾತ್ರಿ ಬಂದ ಪ್ರೇಕ್ಷಕನು ಎರಡನೆಯ ರಾತ್ರಿಯೂ ಬರುವನೆಂಬ ಭರವಸೆಯ ಮೇಲೆ ಕಥೆಯ ಹೊಲಿಗೆ ನಿಂತಿದೆ. ಈ ರಾಮನಾಟ್ಟವೇ ಮುಂದೆ ಪರಿಷ್ಕಾರ ಹೊಂದಿ ಕಥಕಳಿಯಾಯಿತು.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಯಕ್ಷಗಾನ ರಾಮಾಯಣವೂ ಇಂತಹುದೇ ಪ್ರಸಂಗಮಾಲಿಕೆ. ಪಾರ್ತಿಸುಬ್ಬನ ಕಾಲ, ಕರ್ತೃತ್ವಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯನವರಿಂದ ಮೊದಲುಗೊಂಡು ಶಿವರಾಮ ಕಾರಂತರು, ಕುಕ್ಕಿಲ ಕೃಷ್ಣ ಭಟ್ಟರವರೆಗೆ ದೀರ್ಘವಾದ ಚರ್ಚೆ ನಡೆದಿದೆ. ರಾಮನಾಟ್ಟಕ್ಕೂ ಈ ಪ್ರಸಂಗಗಳಿಗೂ ಇರುವ ಸಾಮ್ಯವೂ ಆ ಚರ್ಚೆಯಲ್ಲಿ ಸೇರಿದೆ. ಯಾರು ಯಾರಿಂದ ಪಡೆದರೆಂಬ ವಾದವನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. ಕೊಟ್ಟಾರಕ್ಕರದಲ್ಲಿಯೂ ಕುಂಬಳೆಯಲ್ಲಿಯೂ ರಾಮಾಯಣವು ರಾತ್ರಿರಾತ್ರಿಯ ಆಟಗಳಾಗಿ ವಿಭಾಗ ಹೊಂದಿದುದು ಒಂದೇ ಬಗೆಯ ಪ್ರೇಕ್ಷಕವರ್ಗದ, ಒಂದೇ ಬಗೆಯ ಋತುಕ್ರಮದ ಫಲವೆಂಬಷ್ಟು ಮಾತ್ರ ಪ್ರಕೃತಕ್ಕೆ ಸಾಕು.

೩

ಆ ಋತುಕ್ರಮವನ್ನು ನಿರ್ಣಯಿಸಿದುದು ಮಳೆ. ಇಡವ ಮಾಸದ ನಡುವಿನಲ್ಲಿ ಮುಂಗಾರು ಇಳಿದ ಮೇಲೆ ಬಯಲಿನಲ್ಲಿ ದೀಪ ನಿಲ್ಲದು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಕಳೆದು ನವೆಂಬರಿನಲ್ಲಿ ಮತ್ತೆ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಕೇರಳದಲ್ಲಿಯೂ ವೃಶ್ಚಿಕದಿಂದ ಮೇಡ ಮಾಸದವರೆಗೆ ಉತ್ಸವಕಾಲ. ಕೊಚ್ಚಿಯ ರಾಜಕುಟುಂಬದ ನಿವಾಸವಾಗಿದ್ದ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ವೃಶ್ಚಿಕೋತ್ಸವವು ಎಂಟು ದಿನಗಳ ಹಬ್ಬ. ಅದರ ರಾತ್ರಿಗಳಲ್ಲಿ ಕಥಕಳಿಗೆ ಸ್ಥಾನವಿದೆ. ಎರ್ನಾಕುಳದ ಶಿವಾಲಯದ ಉತ್ಸವ ಮಕರ ಮಾಸದಲ್ಲಿ. ತಿರುವನಂತಪುರದ ಅನಂತಪದ್ಮನಾಭ ದೇವಾಲಯಕ್ಕೆ ವರ್ಷಕ್ಕೆ ಎರಡು ಮಹೋತ್ಸವಗಳು, ಒಂದು ಅಲ್ಪಶಿ, ಇನ್ನೊಂದು ಪೈಂಗುಣಿ. ಆ ದೇವಾಲಯದ ನಾಟಕಶಾಲೆಯೂ, ಸ್ವತಃ ಆಟ್ಟಕಥೆಗಳನ್ನೂ ಬಾಲರಾಮಭರತವೆಂಬ ನಾಟ್ಯಶಾಸ್ತ್ರಗ್ರಂಥವನ್ನೂ ರಚಿಸಿದ ಕಾರ್ತಿಕ ತಿರುನಾಳ್ ರಾಮವರ್ಮ ಮಹಾರಾಜನ (ಆಳ್ವಿಕೆ ೧೭೫೮–೧೭೯೮) ಕಲಾಪೋಷಣೆಯೂ ಈ ಪಂಚಾಂಗದೊಳಗೇ ನಡೆದವು.

ಮಳೆಗಾಲದಲ್ಲಿ ಆಟವಿಲ್ಲವೆಂದ ಮಾತ್ರಕ್ಕೆ ಕೆಲಸವಿಲ್ಲವೆಂದು ತಿಳಿಯಬಾರದು. ಕಥಕಳಿಯ ಕಳರಿಗಳಲ್ಲಿ ವಿದ್ಯಾರ್ಥಿಗಳ ಮೈಗೆ ಎಣ್ಣೆ ತಿಕ್ಕಿ ಅಂಗಸಾಧನೆ ಮಾಡಿಸುವುದು ಈ ತಿಂಗಳುಗಳಲ್ಲಿಯೇ. ಗುರುವಾಯೂರಿನ ಕೃಷ್ಣನಾಟ್ಟದ ಮೇಳವೂ ಮಳೆಯ ತಿಂಗಳುಗಳಲ್ಲಿ ಆಟವನ್ನು ನಿಲ್ಲಿಸಿ ಅಭ್ಯಾಸದಲ್ಲಿ ತೊಡಗುತ್ತದೆ. ಹೀಗೆ ವರ್ಷದ ಒಂದು ಭಾಗ ಗಳಿಕೆಗೂ ಇನ್ನೊಂದು ಭಾಗ ಕಲಿಕೆಗೂ ಮೀಸಲಾದುದರಿಂದಲೇ ಕಲೆಯ ಮಟ್ಟ ಕುಸಿಯಲಿಲ್ಲ.

ಇನ್ನು ಹಣದ ಪ್ರಶ್ನೆ. ಕೂತ್ತಂಬಲಗಳಲ್ಲಿ ಕೂಡಿಯಾಟ್ಟವನ್ನು ನಡೆಸುತ್ತಿದ್ದ ಚಾಕ್ಯಾರ್ ಮನೆತನಗಳಿಗೆ ದೇವಾಲಯದ ಭೂಮಿಯಿಂದ ಜೀವನಾಂಶವೂ, ಇಂತಹ ದೇವಾಲಯದಲ್ಲಿ ಇಂತಹ ದಿನ ಆಡುವ ಹಕ್ಕು ಇಂತಹ ಮನೆತನಕ್ಕೆ ಎಂಬ ಕಟ್ಟಳೆಯೂ ಇದ್ದವು. ಕಾಲಾಂತರದಲ್ಲಿ ಈ ಭೂಮಿಯ ಏರ್ಪಾಡು ಸಡಿಲವಾಯಿತು. ಅದಕ್ಕಿಂತ ಬಾಳಿಕೆ ಬಂದ ಇನ್ನೊಂದು ಏರ್ಪಾಡು ಹರಕೆ. ತಿರುವಲ್ಲದ ಶ್ರೀವಲ್ಲಭ ದೇವಾಲಯದಲ್ಲಿ ಕಥಕಳಿಯೇ ಭಕ್ತರು ಸಲ್ಲಿಸುವ ಸೇವೆ. ಗುರುವಾಯೂರಿನಲ್ಲಿ ಕೃಷ್ಣನಾಟ್ಟದ ಒಂದೊಂದು ಕಥೆಗೂ ಒಂದೊಂದು ಫಲವನ್ನು ಹೇಳಲಾಗಿದ್ದು, ಭಕ್ತನು ತನಗೆ ಬೇಕಾದ ಕಥೆಯನ್ನು ಆಡಿಸುತ್ತಾನೆ. ಕಟೀಲಿನ ಮೇಳಗಳಿಂದ ಹರಕೆಯ ಬಯಲಾಟವನ್ನು ಆಡಿಸಬೇಕೆಂದಿರುವ ಮನೆಯವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಮೇಳದ ಯಜಮಾನನ ಕೈಯಲ್ಲಿ ಆಟಕ್ಕೆ ಮೊದಲೇ ಜನರ ವಿಶ್ವಾಸವು ಠೇವಣಿಯಾಗಿ ಬಿದ್ದಿರುತ್ತದೆ. ಆತನು ಸಾಲಗಾರನಲ್ಲ, ಋಣಿ. ಈ ಎರಡಕ್ಕೂ ಇರುವ ಅಂತರವನ್ನು ಮುಂದಿನ ಚರಿತ್ರೆ ಸ್ಪಷ್ಟಪಡಿಸುತ್ತದೆ.

೪

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸ ನಾಟಕವು ಎರಡು ನಾಡುಗಳಲ್ಲಿಯೂ ಬಹುಮಟ್ಟಿಗೆ ಒಂದೇ ಬಾಗಿಲಿನಿಂದ ಪ್ರವೇಶಿಸಿತು. ತಿರುವಾಂಕೂರಿನಲ್ಲಿ ಕೇರಳವರ್ಮ ವಲಿಯ ಕೋಯಿತ್ತಂಬುರಾನ್ (೧೮೪೫–೧೯೧೪) ಅವರು ಅಭಿಜ್ಞಾನಶಾಕುಂತಲವನ್ನು ಮಲಯಾಳಕ್ಕೆ ಅನುವಾದಿಸಿದುದು ೧೮೮೨ರಲ್ಲಿ. ಮೈಸೂರಿನಲ್ಲಿ ೧೮೮೧ರಲ್ಲಿ ಅಧಿಕಾರವನ್ನು ವಹಿಸಿಕೊಂಡ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು (೧೮೪೩–೧೮೯೧) ಅದೇ ನಾಟಕವನ್ನು ಅರಮನೆಯ ನಾಟಕಸಭೆಗಾಗಿ ಅದೇ ದಶಕದಲ್ಲಿ ಕನ್ನಡಿಸಿದರು. ಒಬ್ಬರಿಗೆ ಕೇರಳ ಕಾಳಿದಾಸರೆಂದೂ ಇನ್ನೊಬ್ಬರಿಗೆ ಅಭಿನವ ಕಾಳಿದಾಸರೆಂದೂ ಬಿರುದು ಸಂದಿತು. ಎರಡು ವರ್ಷಗಳ ಅಂತರದಲ್ಲಿ ಹುಟ್ಟಿದ ಇಬ್ಬರು ಆಸ್ಥಾನವಿದ್ವಾಂಸರಿಗೆ ಒಂದೇ ಶಕುಂತಲೆ ಒಲಿದುದು ಕೇವಲ ಆಕಸ್ಮಿಕವಲ್ಲ. ಕೇರಳದಲ್ಲಿ ತಮಿಳು ಸಂಗೀತನಾಟಕದ ಮಂಡಳಿಗಳೂ, ಉತ್ತರ ಕರ್ನಾಟಕದಲ್ಲಿ ಮರಾಠಿ ಮಂಡಳಿಗಳೂ ಪ್ರೇಕ್ಷಕರನ್ನು ಸೆಳೆದಿದ್ದ ಕಾಲವದು. ಗದುಗಿನಲ್ಲಿ ಶಾಂತಕವಿಗಳು ೧೮೭೦ರ ದಶಕದಲ್ಲಿಯೇ ಕನ್ನಡ ಮಂಡಳಿಯನ್ನು ಕಟ್ಟಿದುದಕ್ಕೆ ಈ ಸ್ಥಿತಿಯೇ ಪ್ರೇರಣೆ. ತಮ್ಮ ನುಡಿಯಲ್ಲಿಯೂ ಗೌರವಯುತವಾದ ನಾಟಕ ಸಾಧ್ಯವೆಂದು ತೋರಿಸುವ ಹೊಣೆಯನ್ನು ಎರಡು ನಾಡಿನ ಪಂಡಿತರೂ ಕಾಳಿದಾಸನ ಹೆಗಲಿಗೆ ಹಾಕಿದರು.

ಮಲಯಾಳ ಶಾಕುಂತಲವನ್ನು ರಂಗಕ್ಕೆ ತಂದುದು ತಿರುವಟ್ಟಾರ್ ನಾರಾಯಣ ಪಿಳ್ಳೆಯವರ ಮನೋಮೋಹನಂ ಕಂಪೆನಿ. ಆದರೆ ಈ ಬಗೆಯ ನಾಟಕಕ್ಕೆ ಉತ್ಸವದ ಪಂಚಾಂಗದಲ್ಲಿ ಸ್ಥಾನವಿರಲಿಲ್ಲ. ಅದು ಅರಮನೆಯ ಅಭಿರುಚಿಯನ್ನೂ ಪಟ್ಟಣದ ವಿದ್ಯಾವಂತರ ಬಿಡುವನ್ನೂ ನಂಬಿಕೊಂಡಿತ್ತು. ೧೮೯೬ರಲ್ಲಿ ತಿರುವನಂತಪುರದಲ್ಲಿ ವಿಕ್ಟೋರಿಯಾ ಜ್ಯೂಬಿಲಿ ಪುರಭವನ ಕಟ್ಟಲ್ಪಟ್ಟಿತು. ಆ ಭವನಕ್ಕೆ ೨೦೧೯ರಲ್ಲಿ ಅಯ್ಯಂಕಾಳಿಯವರ ಹೆಸರನ್ನು ಇಡಲಾಗಿದೆ. ಸಿ. ವಿ. ರಾಮನ್ ಪಿಳ್ಳೆಯವರ ಪ್ರಹಸನಗಳಿಂದಲೂ, ಮುಂದೆ ಇ. ವಿ. ಕೃಷ್ಣ ಪಿಳ್ಳೆಯವರ ನಗೆನಾಟಕಗಳಿಂದಲೂ ಆ ಪಟ್ಟಣದಲ್ಲಿ ಹವ್ಯಾಸಿ ರಂಗಭೂಮಿ ಬೆಳೆಯಿತು. ನಟಿಸಿದವರು ಸರಕಾರಿ ನೌಕರರು, ವಕೀಲರು, ವಿದ್ಯಾರ್ಥಿಗಳು. ೧೯೦೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನೂ ಕೈಲಾಸಂ ಅವರ ನಾಟಕಗಳೂ ಇದೇ ವರ್ಗದವರಿಂದ, ಇದೇ ವರ್ಗದವರಿಗಾಗಿ ಬಂದವು. ಈ ರಂಗಭೂಮಿಗೆ ಬುದ್ಧಿಯಿತ್ತು, ಹಾಸ್ಯವಿತ್ತು, ಸಮಾಜವಿಮರ್ಶೆಯಿತ್ತು. ಹಂಗಾಮು ಮಾತ್ರ ಇರಲಿಲ್ಲ. ಮುಖ್ಯ ನಟನಿಗೆ ವರ್ಗವಾದರೆ ನಾಟಕ ನಿಂತಿತು. ಉತ್ಸಾಹಿ ಕಾರ್ಯದರ್ಶಿ ಬದಲಾದರೆ ಸಂಘ ಮಲಗಿತು.

೫

ಟಿಕೆಟ್ಟಿನ ನಾಟಕವು ಇದಕ್ಕೆ ಬೇರೊಂದು ಉತ್ತರವನ್ನು ಕಂಡುಕೊಂಡಿತು, ಅದೇ ಮೊಕ್ಕಾಂ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಯ ಕ್ಯಾಂಪುಗಳ ವೈಭವ, ೧೯೩೪ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬಂದ ಬೆರಗು ಕನ್ನಡಿಗರಿಗೆ ಗೊತ್ತಿರುವುದೇ. ಕೇರಳದಲ್ಲಿ ಇದಕ್ಕೆ ಹತ್ತಿರದ ಸಾಹಸವೆಂದರೆ ಕಲಾನಿಲಯಂ ಕೃಷ್ಣನ್ ನಾಯರ್ ಅವರು ೧೯೬೩ರಲ್ಲಿ ಪ್ರಾರಂಭಿಸಿದ ಕಲಾನಿಲಯಂ ಸ್ಥಿರಂ ನಾಟಕವೇದಿ. ದೊಡ್ಡ ರಂಗಸ್ಥಳವನ್ನು ಊರಿನಲ್ಲಿ ನಿಲ್ಲಿಸಿ, ಕಣ್ಕಟ್ಟಿನ ದೃಶ್ಯಗಳಿಂದ ಜನರನ್ನು ಮರುಳುಗೊಳಿಸಿ, ‘ಕಾಯಂಕುಳಂ ಕೊಚ್ಚುಣ್ಣಿ’, ‘ರಕ್ತರಕ್ಷಸ್ಸ್’ ಮುಂತಾದ ನಾಟಕಗಳನ್ನು ದಿನವಹಿ ಆಡುವುದು ಅದರ ಪದ್ಧತಿ. ಈ ಪದ್ಧತಿಯಲ್ಲಿ ಬಂಡವಾಳವೆಲ್ಲ ಯಜಮಾನನದು, ನಷ್ಟವೂ ಆತನದೇ. ಮೊಕ್ಕಾಂ ಕೈಹಿಡಿಯದಿದ್ದರೆ ಪರದೆಗಳನ್ನು ಒತ್ತೆಯಿಟ್ಟು ಮುಂದಿನ ಊರಿಗೆ ಹೋಗಬೇಕಾದ ಸಂದರ್ಭಗಳು ಕಂಪೆನಿ ನಾಟಕದ ಚರಿತ್ರೆಯಲ್ಲಿ ಅನೇಕ. ಇಲ್ಲಿ ಯಜಮಾನನು ಋಣಿಯಲ್ಲ, ಸಾಲಗಾರ. ಆತನ ಕಾಲ ಮುಗಿದೊಡನೆ ಸಂಸ್ಥೆಯೂ ಕ್ಷೀಣಿಸುವುದು ಬಹುಮಟ್ಟಿಗೆ ನಿಯಮವೇ ಆಗಿದೆ.

ಕೇರಳದ ವ್ಯವಸಾಯ ರಂಗಭೂಮಿಗೆ ಜನಬೆಂಬಲವನ್ನು ತಂದುಕೊಟ್ಟ ಪ್ರಸಂಗ ಬೇರೆಯದು. ತೋಪ್ಪಿಲ್ ಭಾಸಿಯವರ ‘ನಿಙ್ಙಳೆನ್ನೆ ಕಮ್ಯೂನಿಸ್ಟಾಕ್ಕಿ’ ನಾಟಕವನ್ನು ಕೆ. ಪಿ. ಎ. ಸಿ. ಸಂಸ್ಥೆಯು ೧೯೫೨ರ ದಶಂಬರದಲ್ಲಿ ಕೊಲ್ಲಂ ಸಮೀಪದ ಚವರದಲ್ಲಿ ಮೊದಲು ಆಡಿತು. ಓ. ಎನ್. ವಿ. ಕುರುಪ್ ಅವರ ಗೀತೆಗಳೂ ದೇವರಾಜನ್ ಅವರ ಸಂಗೀತವೂ ಆ ಸಂಸ್ಥೆಯ ನಾಟಕಗಳನ್ನು ಮನೆಮನೆಗೆ ಮುಟ್ಟಿಸಿದವು. ಕೊಚ್ಚಿಯ ಕಡೆಯಲ್ಲಿ ಪಿ. ಜೆ. ಆಂಟನಿಯವರಂತಹ ನಟ, ನಾಟಕಕಾರರು ಅದೇ ಕಾಲದಲ್ಲಿ ಶ್ರಮಜೀವಿಗಳ ಬದುಕನ್ನು ರಂಗಕ್ಕೆ ತಂದರು. ಈ ಚಳವಳಿಯ ರಾಜಕೀಯವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಅದರ ಆರ್ಥಿಕ ಗುಟ್ಟು ಮಾತ್ರ ಗಮನಕ್ಕೆ ಬಂದಿರುವುದು ಕಡಮೆ. ವ್ಯವಸ್ಥೆಯನ್ನೇ ಪ್ರಶ್ನಿಸಿದ ನಾಟಕ ಮಂಡಳಿಗಳು ಕಾಲಕ್ರಮದಲ್ಲಿ ನೆಲೆ ಕಂಡುಕೊಂಡುದು ಕಥಕಳಿಗೆ ಅನ್ನವಿಕ್ಕಿದ ಅದೇ ಉತ್ಸವದ ಮೈದಾನಗಳಲ್ಲಿ. ದೇವಾಲಯಗಳ, ಇಗರ್ಜಿಗಳ ಉತ್ಸವ ಸಮಿತಿಗಳೂ ಗ್ರಂಥಾಲಯಗಳೂ ಕಲಾಸಮಿತಿಗಳೂ ಮುಂಗಡ ಕೊಟ್ಟು ರಾತ್ರಿಗಳನ್ನು ಕಾದಿರಿಸಿದವು. ಮಳೆಯ ತಿಂಗಳುಗಳಲ್ಲಿ ಹೊಸ ನಾಟಕದ ಅಭ್ಯಾಸ, ಓಣಂ ಹಬ್ಬದ ಹೊತ್ತಿಗೆ ಪ್ರಥಮ ಪ್ರಯೋಗ, ಮುಂದೆ ಬೇಸಗೆಯ ಕೊನೆಯವರೆಗೆ ಊರಿಂದೂರಿಗೆ ಪ್ರಯಾಣ ಎಂಬ ಕ್ರಮ ನೆಲೆಗೊಂಡಿತು. ಹಳೆಯ ತಿರುಗಾಟವೇ ಹೊಸ ವೇಷದಲ್ಲಿ ಬಂದಿತೆನ್ನಬಹುದು.

ಆದರೆ ಈ ಕಟ್ಟಡದಲ್ಲಿ ಒಂದು ಬಿರುಕಿತ್ತು. ಹರಕೆಯ ಭಕ್ತನಿಗೆ ಆಟವೇ ಬೇಕು. ಉತ್ಸವ ಸಮಿತಿಗೆ ಬೇಕಾದುದು ಜನ ಸೇರುವ ಒಂದು ರಾತ್ರಿ. ಕೊಚ್ಚಿಯಲ್ಲಿ ೧೯೬೯ರಲ್ಲಿ ಪ್ರಾರಂಭವಾದ ಕಲಾಭವನವು ೧೯೮೦ರ ದಶಕದಲ್ಲಿ ಅನುಕರಣ ಹಾಸ್ಯದ ಪ್ರದರ್ಶನಗಳನ್ನು ಜನಪ್ರಿಯಗೊಳಿಸಿತು. ಗಾನಮೇಳಗಳ ಭರಾಟೆಯೂ ಅದೇ ಕಾಲದ್ದು. ಕಡಮೆ ರಂಗಸಜ್ಜಿನಿಂದ ಹೆಚ್ಚು ಜನರನ್ನು ಸೇರಿಸುವ ಈ ಕಾರ್ಯಕ್ರಮಗಳಿಗೆ ಸಮಿತಿಗಳ ಮುಂಗಡ ಹರಿಯಿತು. ಮನೆಯೊಳಗೆ ದೂರದರ್ಶನವೂ ಬಂದಿತು. ನಾಟಕ ಮಂಡಳಿಗಳು ಅಳಿಯಲಿಲ್ಲವಾದರೂ ಅವುಗಳ ಪಾಲಿನ ರಾತ್ರಿಗಳು ಕಡಮೆಯಾದುವು. ೨೦೨೦ರ ಮಹಾಮಾರಿಯಲ್ಲಿ ಉತ್ಸವಗಳೇ ನಿಂತಾಗ, ಮುಂಗಡವನ್ನೇ ನಂಬಿದ್ದ ಕಲಾವಿದರ ಕಷ್ಟ ಎಲ್ಲರಿಗೂ ಗೋಚರವಾಯಿತು.

ಯಕ್ಷಗಾನವೂ ಇದೇ ಪರೀಕ್ಷೆಗೆ ಒಳಗಾಗಿದೆ. ಡೇರೆ ಹಾಕಿ ಟಿಕೆಟ್ಟು ಮಾರಿ ಒಂದು ಕಾಲದಲ್ಲಿ ಮೆರೆದ ತೆಂಕುತಿಟ್ಟಿನ ಸುರತ್ಕಲ್ ಮೇಳ, ಕರ್ನಾಟಕ ಮೇಳಗಳು ಕಾಲಕ್ರಮದಲ್ಲಿ ನಿಂತುಹೋದವು. ಅವುಗಳಲ್ಲಿ ಪ್ರತಿಭೆಗೇನೂ ಬರವಿರಲಿಲ್ಲ. ತೆಂಕುತಿಟ್ಟಿನ ಹಲವು ಶ್ರೇಷ್ಠ ಕಲಾವಿದರು ಅಲ್ಲಿಯೇ ಬೆಳಗಿದವರು. ಉಳಿದು ಬೆಳೆದುವು ಹರಕೆಯ ಮೇಳಗಳು. ಇದರಿಂದ ಸಿದ್ಧವಾಗುವುದೇನು? ಪ್ರೇಕ್ಷಕನು ಆಟದ ಬಾಗಿಲಿನಲ್ಲಿ ಕೊಡುವ ಹಣಕ್ಕಿಂತ ಹಂಗಾಮಿನ ಮೊದಲು ಕೊಡುವ ಮಾತು ಹೆಚ್ಚು ಬೆಲೆಯುಳ್ಳದ್ದು.

೬

ಇಲ್ಲೊಂದು ಆಕ್ಷೇಪಕ್ಕೆ ಅವಕಾಶವಿದೆ. ಹರಕೆಯಿಂದ ಕಲೆ ಉಳಿಯಬಹುದು, ಬೆಳೆಯುವುದೆಂತು? ಹರಕೆಯವರು ದೇವೀಮಹಾತ್ಮೆಯನ್ನೇ ಮತ್ತೆ ಮತ್ತೆ ಕೇಳಿದರೆ ಹೊಸ ಪ್ರಸಂಗಕ್ಕೆ ಎಡೆಯೆಲ್ಲಿ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಿಶ್ಚಿತವಾದ ಹಂಗಾಮು ಎಷ್ಟೋ ವೇಳೆ ನಿಶ್ಚಲವಾದ ಅಭಿರುಚಿಗೂ ಕಾರಣವಾಗುತ್ತದೆ. ಕೇರಳದಲ್ಲಿ ಜಿ. ಶಂಕರ ಪಿಳ್ಳೆ ಮುಂತಾದವರು ೧೯೬೭ರಲ್ಲಿ ಶಾಸ್ತಾಂಕೋಟೆಯಲ್ಲಿ ನಾಟಕಕ್ಕಳರಿಯನ್ನು ಪ್ರಾರಂಭಿಸಿದುದೂ, ಕಾವಾಲಂ ನಾರಾಯಣ ಪಣಿಕ್ಕರ್ (೧೯೨೮–೨೦೧೬) ಅವರು ತಿರುವನಂತಪುರದಲ್ಲಿ ನೆಲೆಸಿ ಸೋಪಾನಂ ತಂಡದ ಮೂಲಕ ಭಾಸನ ನಾಟಕಗಳನ್ನು ನಾಡಿನ ತಾಳದಲ್ಲಿ ಪುನಃ ಸೃಷ್ಟಿಸಿದುದೂ ಈ ನಿಶ್ಚಲತೆಯಿಂದ ಹೊರಬರುವ ಯತ್ನಗಳೇ. ಅವರ ‘ಅವನವನ್ ಕಡಂಬ’ವನ್ನು ೧೯೭೫ರಲ್ಲಿ ಜಿ. ಅರವಿಂದನ್ ನಿರ್ದೇಶಿಸಿದುದು ಮಲಯಾಳ ರಂಗಭೂಮಿಯಲ್ಲಿ ಒಂದು ಮೈಲಿಗಲ್ಲು. ಆದರೂ ಇಂತಹ ಪ್ರಯೋಗಗಳಿಗೆ ದೇಶವಿದೇಶಗಳ ಮನ್ನಣೆ ದೊರೆತಷ್ಟು ಸುಲಭವಾಗಿ ಊರೂರಿನ ಹಂಗಾಮು ದೊರೆಯಲಿಲ್ಲ.

ಹೊಸತನವನ್ನೂ ಹಂಗಾಮನ್ನೂ ಒಂದೆಡೆ ಕೂಡಿಸಿದ ಉದಾಹರಣೆ ಕನ್ನಡದಲ್ಲಿಯೇ ಇದೆ. ೧೯೪೯ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು ಕೆ. ವಿ. ಸುಬ್ಬಣ್ಣನವರ (೧೯೩೨–೨೦೦೫) ನೇತೃತ್ವದಲ್ಲಿ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ೧೯೮೫ರಲ್ಲಿ ತಿರುಗಾಟವನ್ನೂ ಪ್ರಾರಂಭಿಸಿತು. ‘ತಿರುಗಾಟ’ ಎಂಬ ಹೆಸರನ್ನು ಯಕ್ಷಗಾನ ಮೇಳಗಳ ನುಡಿಯಿಂದಲೇ ಎತ್ತಿಕೊಂಡುದು ಅರ್ಥಪೂರ್ಣವಾಗಿದೆ. ಮಳೆಗಾಲದಲ್ಲಿ ಅಭ್ಯಾಸ, ಮಳೆ ನಿಂತ ಮೇಲೆ ಪ್ರಯಾಣ. ಆಯಾ ಊರಿನ ಸಂಘಟಕರೊಡನೆ ಮೊದಲೇ ಮಾತುಕತೆ. ಪರಿಚಿತವಾದ ಒಂದು ನಾಟಕದ ಜೊತೆಗೆ ಸಂಸ್ಕೃತದಿಂದಲೋ ಹೊರದೇಶದ ನುಡಿಯಿಂದಲೋ ಬಂದ ಅಪರಿಚಿತವಾದ ಇನ್ನೊಂದು. ಪ್ರೇಕ್ಷಕನು ನಂಬಿದುದು ನಾಟಕವನ್ನಲ್ಲ, ಹಂಗಾಮನ್ನು. ಆದುದರಿಂದ ಕೇಳರಿಯದ ನಾಟಕಕ್ಕೂ ಅವನು ಬಂದು ಕುಳಿತನು.

೭

ಕೊನೆಯದಾಗಿ, ಹೊರನಾಡಿನ ಕನ್ನಡ ಸಂಘಗಳಿಗೆ ಈ ಚರಿತ್ರೆಯಿಂದ ದೊರೆಯುವ ಪಾಠ. ೧೯೫೬ರ ನವೆಂಬರ್ ೧ರಂದು ಕನ್ನಡ ರಾಜ್ಯವೂ ಕೇರಳ ರಾಜ್ಯವೂ ಒಂದೇ ದಿನ ಜನ್ಮ ತಾಳಿದವು; ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಆ ಗಡಿಯ ನೋವು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಆದರೆ ಆ ವರ್ಷವೂ ಅದರ ಮುಂದಿನ ವರ್ಷಗಳಲ್ಲಿಯೂ ಯಕ್ಷಗಾನ ಮೇಳಗಳ ತಿರುಗಾಟ ಗಡಿಗೆ ಬಂದು ನಿಂತುಬಿಡಲಿಲ್ಲ. ಕಾಸರಗೋಡಿನ ಗದ್ದೆಗಳಲ್ಲಿ ಇಂದಿಗೂ ಕನ್ನಡದ ಭಾಗವತಿಕೆ ಬೆಳಗಿನವರೆಗೆ ಕೇಳಿಬರುವುದಕ್ಕೆ ಆದೇಶಗಳೂ ಮನವಿಗಳೂ ಎಷ್ಟರಮಟ್ಟಿಗೆ ಕಾರಣವೋ, ಮುಂದಿನ ವರ್ಷದ ಆಟಕ್ಕೆ ಈ ವರ್ಷವೇ ವೀಳ್ಯ ಕೊಟ್ಟ ಮನೆಗಳು ಅದಕ್ಕಿಂತ ಹೆಚ್ಚು ಕಾರಣ.

ಹೊರನಾಡಿನ ಸಂಘಗಳಲ್ಲಿ ನಾಟಕಕ್ಕೆ ಇರುವ ಸ್ಥಾನ ಸಾಮಾನ್ಯವಾಗಿ ರಾಜ್ಯೋತ್ಸವದ ಒಂದು ಸಂಜೆ. ಎರಡು ತಿಂಗಳ ಶ್ರಮ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಪರದೆ ಕಟ್ಟಿಟ್ಟ ಮೇಲೆ ಮುಂದಿನ ವರ್ಷದವರೆಗೆ ಮಾತಿಲ್ಲ. ಪುರಭವನದ ಹವ್ಯಾಸಿ ರಂಗಭೂಮಿಗೆ ಒದಗಿದ ಗತಿಯೇ ಇಲ್ಲಿಯೂ ಕಾದಿದೆ. ಅದಕ್ಕೆ ಪ್ರತಿಯಾಗಿ ನವೆಂಬರಿನಿಂದ ಯುಗಾದಿಯವರೆಗೆ ಮೂರು ನಾಟಕಗಳ ಒಂದು ಸಣ್ಣ ಹಂಗಾಮನ್ನು ಮಳೆಗಾಲದಲ್ಲಿಯೇ ಘೋಷಿಸಿ, ಸದಸ್ಯರಿಂದ ಮೂರಕ್ಕೂ ಒಟ್ಟಿಗೆ ಮುಂಗಡ ವಂತಿಗೆಯನ್ನು ಪಡೆದರೆ, ಮೂರನೆಯ ನಾಟಕವು ಹೊಸಬನೊಬ್ಬನ ಕೃತಿಯಾಗಿದ್ದರೂ ಆಸನಗಳು ಖಾಲಿಯಾಗಿರವು. ಮೊತ್ತ ಅಲ್ಪವಾದರೂ ಬಾಧಕವಿಲ್ಲ. ಮನೆಯಲ್ಲಿ ಕನ್ನಡವನ್ನು ಅರ್ಧ ಮಾತ್ರ ಆಡುವ ಮಕ್ಕಳಿಗೆ, ವರ್ಷದಲ್ಲಿ ಮೂರು ಸಲ ಇಂತಹ ದಿನ ಕನ್ನಡ ನಾಟಕವಿದೆ ಎಂದು ಮೊದಲೇ ತಿಳಿದಿರುವುದಕ್ಕೂ, ಎಂದೋ ಒಂದು ದಿನ ಆಗಬಹುದು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಕೊಟ್ಟಾರಕ್ಕರದ ಅರಸನು ಎಂಟು ರಾತ್ರಿಗಳನ್ನು ಬರೆದಾಗ ಎಂಟನೆಯ ರಾತ್ರಿಗೆ ಯಾರೂ ಬರಲಾರರೆಂದು ಶಂಕಿಸಿದ್ದರೆ ರಾಮನ ಪಟ್ಟಾಭಿಷೇಕವೇ ಆಗುತ್ತಿರಲಿಲ್ಲ.